ಬಾಗಿಲುವಾಡದ ಅಲಂಕಾರಪಟ್ಟಿ: ಹತ್ತರಿಯ ಅಲಗಿನಿಂದ ಪ್ಲೇನರ್ ಯಂತ್ರದವರೆಗೆ

ಜನಪದ ವೃತ್ತಿಗಳ ಅಧ್ಯಯನದಲ್ಲಿ ಬಡಗಿ ವೃತ್ತಿಗೆ ದೊರೆತಿರುವ ಗಮನವು ಬಹುಮಟ್ಟಿಗೆ ಎರಡು ನೆಲೆಗಳಲ್ಲಿ ನಿಂತಿದೆ. ಒಂದು, ವೃತ್ತಿಪದಗಳ ಸಂಗ್ರಹ. ಇನ್ನೊಂದು, ಸಿದ್ಧಗೊಂಡ ವಸ್ತುಗಳ ವರ್ಣನೆ. ಬಾಚಿ, ಉಳಿ, ಕೊಡತಿ, ಗರಗಸ, ಬೈರಿಗೆ, ಹತ್ತರಿ ಮೊದಲಾದ ಹೆಸರುಗಳು ಪದಕೋಶಗಳನ್ನು ಸೇರಿವೆ. ಕಂಬ, ಬೋದಿಗೆ, ಬಾಗಿಲುವಾಡ, ತೊಟ್ಟಿಲು, ರಥಗಳ ಕೆತ್ತನೆಯನ್ನು ಕುರಿತ ಬರೆಹಗಳೂ ಇವೆ. ಆದರೆ ಈ ಎರಡರ ನಡುವೆ ಇರುವ ಒಂದು ಹಂತ, ಎಂದರೆ ಉಪಕರಣವನ್ನು ಕೆಲಸಕ್ಕೆ ಅಣಿಗೊಳಿಸುವ ಕ್ರಮ, ದಾಖಲೆಗೆ ಬಂದದ್ದು ಕಡಿಮೆ. ಬಾಗಿಲುವಾಡದ ಅಂಚಿನಲ್ಲಿ ಉದ್ದಕ್ಕೂ ಓಡುವ ಉಬ್ಬುತಗ್ಗುಗಳ ಅಲಂಕಾರಪಟ್ಟಿಯ ವಿಷಯದಲ್ಲಿ ಈ ಕೊರತೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಏಕೆಂದರೆ ಈ ಪಟ್ಟಿಯ ರೂಪವು ಮರದಲ್ಲಿ ಮೂಡುವುದಕ್ಕೆ ಮೊದಲೇ ಅಲಗಿನ ಅಂಚಿನಲ್ಲಿ ಸಿದ್ಧವಾಗಿರುತ್ತದೆ. ಅಲಗನ್ನೂ ಅದನ್ನು ಕೂರಿಸುವ ವಿಧಾನವನ್ನೂ ಅರಿಯದೆ ಪಟ್ಟಿಯ ಪರಂಪರೆಯನ್ನು ಅರಿಯುವುದು ಸಾಧ್ಯವಿಲ್ಲ. ಕೈಹತ್ತರಿಯಿಂದ ವಿದ್ಯುತ್ ಪ್ಲೇನರ್‌ಗೆ ಬಂದಿರುವ ಪಲ್ಲಟವನ್ನು ಈ ದೃಷ್ಟಿಯಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರದೇಶ ಮತ್ತು ಮರ

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಸೀಮೆಗೆ ಸೇರಿದ ಎನ್. ಬೇಗೂರು ಕಾಡಂಚಿನ ಊರು. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಅರಣ್ಯ ವಲಯವೊಂದು ಈ ಊರಿನ ಹೆಸರನ್ನೇ ಹೊತ್ತಿದೆ. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣಗಳನ್ನು ಒಳಗೊಂಡ ಈ ಪಶ್ಚಿಮದ ಪಟ್ಟಿಯು ತೇಗ, ಬೀಟೆ, ಹೊನ್ನೆ, ಮತ್ತಿ, ನಂದಿ ಮೊದಲಾದ ಮರಗಳ ನೆಲೆ. ಹಳ್ಳಿಯ ಬಡಗಿಗೆ ಈ ಮರಗಳ ಗುಣಭೇದವೇ ಮೊದಲ ಪಾಠವಾಗಿತ್ತು. ತೇಗವು ಹದವಾಗಿ ಹೆರೆಯಲು ಬಂದರೂ ಅದರಲ್ಲಿರುವ ಸಿಲಿಕಾದ ಅಂಶದಿಂದ ಅಲಗು ಬೇಗ ಮೊಂಡಾಗುತ್ತದೆ. ಬೀಟೆಯು ಭಾರವಾದ, ಎಳೆಗಳು ಒಂದಕ್ಕೊಂದು ಹೆಣೆದುಕೊಂಡ ಮರ. ಎಳೆಯ ದಿಕ್ಕನ್ನು ಗಮನಿಸದೆ ಹತ್ತರಿ ನಡೆಸಿದರೆ ಚಕ್ಕೆ ಏಳುತ್ತದೆ.

ಮರದ ಲಭ್ಯತೆಯಲ್ಲಿ ಕಳೆದ ಅರ್ಧ ಶತಮಾನದಲ್ಲಿ ಆದ ಬದಲಾವಣೆಯು ಉಪಕರಣದ ಚರಿತ್ರೆಗೂ ಸಂಬಂಧಿಸಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1973ರಲ್ಲಿ ಆರಂಭಗೊಂಡ ಹುಲಿ ಯೋಜನೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಗಳು ಕಾಡಿನ ಮರದ ಬಳಕೆಯನ್ನು ಕ್ರಮೇಣ ಬಿಗಿಗೊಳಿಸಿದವು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶವು ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಅರಣ್ಯದೊಳಗೆ ನಡೆಯುತ್ತಿದ್ದ ಮರಕೊಯ್ಯುವ ಕಾರ್ಖಾನೆಗಳೂ ಸೇರಿದಂತೆ ಅರಣ್ಯೇತರ ಚಟುವಟಿಕೆಗಳನ್ನು ನಿಲ್ಲಿಸಿತು. 2017ರಿಂದ ಬೀಟೆಯೂ ಸೇರಿದಂತೆ ಡಾಲ್ಬರ್ಜಿಯ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರವು ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿದೆ. ಇದರ ಫಲವಾಗಿ ಹೆಬ್ಬೇವು, ಸಿಲ್ವರ್ ಓಕ್, ಬೇವು, ಹಲಸುಗಳಂಥ ತೋಟದ ಮರಗಳು ಬಡಗಿಯ ಕೈಗೆ ಹೆಚ್ಚಾಗಿ ಬಂದವು. ಬೀಟೆಯ ಗಡುಸಿಗೆ ಹೊಂದಿಸಿದ್ದ ಅಲಗು ಹೆಬ್ಬೇವಿನ ಮೆದುತನಕ್ಕೆ ಹೊಂದುವುದಿಲ್ಲ. ಹೀಗಾಗಿ ಉಪಕರಣದ ಬದಲಾವಣೆಯನ್ನು ಯಂತ್ರದ ಆಗಮನವೊಂದರಿಂದಲೇ ವಿವರಿಸುವುದು ಅಪೂರ್ಣವಾಗುತ್ತದೆ.

ಪಟ್ಟಿಯ ರೂಪಗಳು

ಅಲಂಕಾರಪಟ್ಟಿಯನ್ನು ಇಂದಿನ ಮರಗೆಲಸದ ಅಂಗಡಿಗಳಲ್ಲಿ ಸಾಮಾನ್ಯವಾಗಿ ‘ಬೀಡಿಂಗ್’ ಎನ್ನುತ್ತಾರೆ. ಎಷ್ಟೇ ಸಂಕೀರ್ಣವಾಗಿ ಕಂಡರೂ ಅದರ ಅಡ್ಡಕೊಯ್ತವನ್ನು ಬಿಡಿಸಿ ನೋಡಿದರೆ ನಾಲ್ಕೈದು ಮೂಲರೂಪಗಳಷ್ಟೇ ಉಳಿಯುತ್ತವೆ: ಹೊರಕ್ಕೆ ಬಾಗಿದ ಉಬ್ಬು, ಒಳಕ್ಕೆ ಬಾಗಿದ ತಗ್ಗು, ಇವೆರಡೂ ಕೂಡಿದ ಬಳುಕು, ಚಪ್ಪಟೆಯಾದ ಕಿರುಪಟ್ಟಿ, ಎರಡು ರೂಪಗಳನ್ನು ಬೇರ್ಪಡಿಸುವ ಸಣ್ಣ ಗೆರೆ. ದೇವಾಲಯದ ಅಧಿಷ್ಠಾನದಲ್ಲಿ ಶಿಲ್ಪಶಾಸ್ತ್ರಗಳು ಗುರುತಿಸುವ ಕುಮುದ, ಕಂಠ, ಪದ್ಮ, ಪಟ್ಟಿಕೆಗಳು ಇದೇ ಮೂಲರೂಪಗಳ ಕಲ್ಲಿನ ಅವತರಣಿಕೆಗಳು. ಕಲ್ಲುಕುಟಿಗನೂ ಬಡಗಿಯೂ ವಿಶ್ವಕರ್ಮ ಪರಂಪರೆಯ ಐದು ಕಸುಬುಗಳೊಳಗೇ ಬರುವವರಾದುದರಿಂದ ಈ ಸಾಮ್ಯವು ಆಶ್ಚರ್ಯಕರವಲ್ಲ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಕಲ್ಲಿನಲ್ಲಿ ರೂಪವನ್ನು ಪ್ರತಿ ಅಂಗುಲದಲ್ಲೂ ಹೊಸದಾಗಿ ಕಡೆಯಬೇಕು. ಮರದಲ್ಲಿ ಒಮ್ಮೆ ಅಲಗಿಗೆ ರೂಪ ಕೊಟ್ಟರೆ ಎಷ್ಟು ಮೊಳದ ಪಟ್ಟಿಯನ್ನಾದರೂ ಅದೇ ಅಲಗು ಎಳೆಯುತ್ತದೆ.

ಮೈಸೂರು ಸೀಮೆಯಲ್ಲಿ ಈ ದೇಸಿ ರೂಪಗಳ ಜೊತೆಗೆ ಯುರೋಪಿನ ಮಾದರಿಗಳೂ ಬೆರೆತವು. 1897ರ ಬೆಂಕಿಯಲ್ಲಿ ಹಳೆಯ ಮರದ ಅರಮನೆ ನಾಶವಾದ ಮೇಲೆ, ಹೆನ್ರಿ ಇರ್ವಿನ್ ಅವರ ವಿನ್ಯಾಸದಂತೆ 1912ರಲ್ಲಿ ಪೂರ್ಣಗೊಂಡ ಹೊಸ ಅರಮನೆಯ ಬಾಗಿಲುಗಳಲ್ಲಿ, ಚಾವಣಿಗಳಲ್ಲಿ ಇಂಥ ಬೆರಕೆಯನ್ನು ಕಾಣಬಹುದು. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಂಥ ಕಡೆ ಮರಗೆಲಸವು ಪಠ್ಯವಾದಾಗ, ತಂದೆಯಿಂದ ಮಗನಿಗೆ ಸಾಗುತ್ತಿದ್ದ ಅಚ್ಚುಗಳ ಪಕ್ಕದಲ್ಲಿ ನಕ್ಷೆಯ ಹಾಳೆಯಿಂದ ಬಂದ ಅಚ್ಚುಗಳೂ ಸ್ಥಾನ ಪಡೆದವು.

ಹತ್ತರಿ ಮತ್ತು ಅದರ ಅಲಗು

ಹಳೆಯ ಮೈಸೂರು ಭಾಗದಲ್ಲಿ ಹತ್ತರಿಯೆಂದು ಕರೆಯುವ ಉಪಕರಣಕ್ಕೆ ಕನ್ನಡದಲ್ಲಿ ಕೀಸುಳಿ, ಉಜ್ಜುಗೊರಡು, ತೋಪಡ ಎಂಬ ಹೆಸರುಗಳೂ ಇವೆ. ಗಡಿಯಾಚೆಯ ವಯನಾಡಿನ ಮಲಯಾಳಿ ಬಡಗಿಗೆ ಅದು ಚಿಂತೇರು, ತಮಿಳಿನಲ್ಲಿ ಇಳೈಪ್ಪುಳಿ. ಮರದ ಮೈ, ಅದರ ನಡುವಿನ ಬಾಯಿ, ಓರೆಯಾಗಿ ಕೂತ ಉಕ್ಕಿನ ಅಲಗು, ಅಲಗನ್ನು ಬಿಗಿಯುವ ಬೆಣೆ ಇವು ಅದರ ಅಂಗಗಳು. ಮಟ್ಟಮಾಡುವ ಹತ್ತರಿಯ ತಳ ಸಪಾಟಾಗಿರುತ್ತದೆ. ಅಲಂಕಾರಪಟ್ಟಿಯ ಹತ್ತರಿಯಲ್ಲಾದರೋ ತಳವೇ ಪಟ್ಟಿಯ ಪ್ರತಿರೂಪವಾಗಿರುತ್ತದೆ. ಮರದಲ್ಲಿ ಉಬ್ಬು ಬೇಕಾದಲ್ಲಿ ತಳದಲ್ಲಿ ತಗ್ಗು, ಮರದಲ್ಲಿ ತಗ್ಗು ಬೇಕಾದಲ್ಲಿ ತಳದಲ್ಲಿ ಉಬ್ಬು ಇರಬೇಕು. ಅಲಗಿನ ಅಂಚು ಈ ತಳದ ಗೆರೆಯನ್ನು ಅನುಸರಿಸಿ ಕೂದಲೆಳೆಯಷ್ಟು ಮಾತ್ರ ಹೊರಚಾಚಿರಬೇಕು.

ಇಲ್ಲಿ ಒಂದು ಸೂಕ್ಷ್ಮ ಅಡಗಿದೆ. ಅಲಗು ನೆಟ್ಟಗೆ ನಿಲ್ಲದೆ ಓರೆಯಾಗಿ ಕೂರುವುದರಿಂದ ಅಲಗಿನ ಮೇಲಿನ ರೂಪವೂ ಮರದ ಮೇಲಿನ ರೂಪವೂ ಒಂದೇ ಅಳತೆಯವಾಗಿರುವುದಿಲ್ಲ. ತಳಕ್ಕೆ 45 ಅಂಶದ ಕೋನದಲ್ಲಿ ಕೂತ ಅಲಗಿನಿಂದ 10 ಮಿ.ಮೀ. ಆಳದ ಪಟ್ಟಿ ತೆಗೆಯಬೇಕಾದರೆ ಅಲಗಿನ ಮೇಲೆ ರೂಪದ ಆಳ ಸುಮಾರು 14 ಮಿ.ಮೀ. ಇರಬೇಕಾಗುತ್ತದೆ. ಗಡುಸು ಮರಕ್ಕೆಂದು ಕೋನವನ್ನು 50 ಅಂಶಕ್ಕೆ ಏರಿಸಿದರೆ ಅದು ಸುಮಾರು 13 ಮಿ.ಮೀ. ಆಗುತ್ತದೆ. ಅಗಲ ಮಾತ್ರ ಬದಲಾಗುವುದಿಲ್ಲ. ಎಂದರೆ ಮರದಲ್ಲಿ ನಿಖರವಾದ ಅರ್ಧವೃತ್ತ ಬರಬೇಕಾದರೆ ಅಲಗಿನ ಅಂಚು ಅರ್ಧವೃತ್ತವಾಗಿರದೆ ಉದ್ದಕ್ಕೆ ಎಳೆದ ಅಂಡಾಕಾರವಾಗಿರಬೇಕು. ಶಾಲೆಯ ರೇಖಾಗಣಿತದ ನೆರವಿಲ್ಲದೆಯೂ ಇದನ್ನು ಸಾಧಿಸುವ ದಾರಿಯಿದೆ. ರೂಪ ತೆಗೆಯದ ಅಲಗನ್ನು ಬೆಣೆಯಿಂದ ಅದರ ಸ್ಥಾನದಲ್ಲೇ ಬಿಗಿದು, ಹತ್ತರಿಯನ್ನು ಮಗುಚಿ, ತಳದ ನೇರಕ್ಕೆ ಕಣ್ಣಿಟ್ಟು ಅಲಗಿನ ಮೇಲೆ ಗೀರು ಎಳೆದರೆ ಕೋನದ ಲೆಕ್ಕವು ತಾನಾಗಿ ಆ ಗೀರಿನೊಳಗೆ ಬಂದುಬಿಡುತ್ತದೆ. ಆ ಬಳಿಕ ಗೀರಿನವರೆಗೆ ಅರದಿಂದ ಉಜ್ಜಿ, ಕುಲುಮೆಯಲ್ಲಿ ಹದ ಹಾಕಿ, ಸಾಣೆಕಲ್ಲಿನಲ್ಲಿ ಹರಿತಗೊಳಿಸಬೇಕು. ಬಡಗಿಯ ಗೀರು, ಕಮ್ಮಾರನ ಹದ ಎರಡೂ ಕೂಡಿದಾಗಲೇ ಅಲಗು ಸಿದ್ಧವಾಗುತ್ತದೆ.

ಅಲಗನ್ನು ಕೂರಿಸುವ ಕ್ರಮವೂ ಕಣ್ಣು ಕೈಗಳ ವಿದ್ಯೆ. ಹತ್ತರಿಯನ್ನು ತಲೆಕೆಳಗಾಗಿ ಹಿಡಿದು ತಳದುದ್ದಕ್ಕೂ ನೋಡಿದಾಗ ಅಲಗಿನ ಅಂಚು ಎಲ್ಲ ಕಡೆ ಒಂದೇ ತೆಳುವಿನ ಕಪ್ಪುಗೆರೆಯಂತೆ ಕಾಣಬೇಕು. ಅಲಗಿನ ತಲೆಗೆ ಹಗುರಾಗಿ ತಟ್ಟಿದರೆ ಕಚ್ಚು ಹೆಚ್ಚುತ್ತದೆ. ಹತ್ತರಿಯ ಹಿಂಬದಿಗೆ ತಟ್ಟಿದರೆ ತಗ್ಗುತ್ತದೆ. ಕಚ್ಚು ಸರಿಯಾಗಿರುವುದನ್ನು ಮರದಿಂದ ಏಳುವ ಸುರುಳಿಯೂ ಹತ್ತರಿಯ ಸದ್ದೂ ತಿಳಿಸುತ್ತವೆ. ಅಗಲವಾದ ಅಚ್ಚಿಗೆ ಒಬ್ಬನ ಬಲ ಸಾಲದಾದಾಗ ಹತ್ತರಿಯ ಮುಂಭಾಗಕ್ಕೆ ಹಗ್ಗ ಕಟ್ಟಿ ಮತ್ತೊಬ್ಬನು ಎಳೆಯುವ ರೂಢಿಯಿದೆ. ಪಟ್ಟಿಯನ್ನು ಒಂದೇ ಬಾರಿಗೆ ಪೂರ್ತಿ ಆಳಕ್ಕೆ ಇಳಿಸುವುದಿಲ್ಲ. ಮೊದಲು ಸಾದಾ ಹತ್ತರಿಯಿಂದ ಹೆಚ್ಚಿನ ಮರವನ್ನು ತೆಗೆದು, ಕೊನೆಯ ರೂಪಕ್ಕೆ ಮಾತ್ರ ಅಚ್ಚಿನ ಹತ್ತರಿಯನ್ನು ಬಳಸುವುದರಿಂದ ಅಲಗಿನ ಬಾಳಿಕೆ ಹೆಚ್ಚುತ್ತದೆ.

ಸುತ್ತುವ ಅಲಗಿನ ಯಂತ್ರ

ಹೆರೆಯುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಪ್ರಯತ್ನಗಳು ಯುರೋಪಿನಲ್ಲಿ 18ನೆಯ ಶತಮಾನದ ಕೊನೆಗೆ ಆರಂಭವಾದವು. 1828ರಲ್ಲಿ ಅಮೆರಿಕದ ವಿಲಿಯಂ ವುಡ್‌ವರ್ತ್ ಪಡೆದ ಹಕ್ಕುಪತ್ರದ ಯಂತ್ರದಲ್ಲಿ ಸುತ್ತುವ ಉರುಳೆಗೆ ಅಲಗುಗಳನ್ನು ಬಿಗಿದು, ಉರುಳೆಗಳಿಂದಲೇ ಹಲಗೆಯನ್ನು ಒಳಕ್ಕೆ ನೂಕುವ ವ್ಯವಸ್ಥೆ ಬಂದಿತು. ಇಂದಿನ ಪ್ಲೇನರ್ ಯಂತ್ರವು ಮೂಲತಃ ಇದೇ ತತ್ತ್ವದ್ದು. ಹತ್ತರಿಯಲ್ಲಿ ಮರ ನಿಂತಿರುತ್ತದೆ, ಅಲಗು ಚಲಿಸುತ್ತದೆ; ಪ್ಲೇನರ್‌ನಲ್ಲಿ ಅಲಗು ಒಂದೆಡೆ ಸುತ್ತುತ್ತದೆ, ಮರ ಚಲಿಸುತ್ತದೆ. ಅಲಗು ಹೊತ್ತ ಉರುಳೆಯನ್ನು ಕೆಲಸಗಾರರು ಕಟರ್ ಎನ್ನುತ್ತಾರೆ.

ಸಾಮಾನ್ಯ ಪ್ಲೇನರ್‌ನ ನೇರ ಅಲಗಿನಿಂದ ಸಪಾಟು ಹಲಗೆ ಮಾತ್ರ ಬರುತ್ತದೆ. ಅಲಂಕಾರಪಟ್ಟಿಗೆ ಅಚ್ಚಿನ ಅಲಗು ಬೇಕು, ಅದನ್ನು ಹಿಡಿದಿಡಬಲ್ಲ ಕಟರ್ ಬೇಕು. ಎಲ್ಲ ಯಂತ್ರಗಳಿಗೂ ಇದು ಹೊಂದುವುದಿಲ್ಲವೆಂಬುದನ್ನು ಮೊದಲೇ ಹೇಳಬೇಕು. ತಯಾರಕರು ಅಚ್ಚಿನ ಅಲಗಿಗೆಂದು ನಿರ್ಮಿಸದ ಕಟರ್‌ಗೆ ಬಲವಂತವಾಗಿ ಅಲಗು ಬಿಗಿಯುವುದು ಪ್ರಾಣಾಪಾಯದ ಕೆಲಸ. ಅಲಗಿನ ತುದಿ ಬಿಡಿಸುವ ವೃತ್ತದ ವ್ಯಾಸ 120 ಮಿ.ಮೀ. ಇದ್ದು, ಕಟರ್ ನಿಮಿಷಕ್ಕೆ 5,000 ಸುತ್ತು ತಿರುಗುತ್ತಿದ್ದರೆ, ಆ ತುದಿಯು ಗಂಟೆಗೆ 110 ಕಿ.ಮೀ.ಗೂ ಮೀರಿದ ವೇಗದಲ್ಲಿ ಸಾಗುತ್ತಿರುತ್ತದೆ. ಸಡಿಲವಾದ ಅಲಗು ಆ ವೇಗದಲ್ಲಿಯೇ ಹೊರಚಿಮ್ಮುತ್ತದೆ.

ಅಲಗಿನ ರೂಪವು ಮರದ ರೂಪದ ನೇರ ಪ್ರತಿಯಲ್ಲವೆಂಬ ಹತ್ತರಿಯ ಸೂಕ್ಷ್ಮವು ಇಲ್ಲಿಯೂ ಮುಂದುವರಿಯುತ್ತದೆ. ಪ್ರಮಾಣ ಮಾತ್ರ ಬೇರೆ. ಕಟರ್‌ನಲ್ಲಿ ಅಲಗಿನ ಮುಖವು ನೇರವಾಗಿ ಅಕ್ಷದ ಕಡೆ ತಿರುಗಿರದೆ ತುಸು ಪಕ್ಕಕ್ಕೆ ಸರಿದಿರುತ್ತದೆ. ಆ ಸರಿತ 17 ಮಿ.ಮೀ. ಇದ್ದು, ಅಲಗಿನ ತುದಿ 60 ಮಿ.ಮೀ. ತ್ರಿಜ್ಯದಲ್ಲಿ ಸುತ್ತುತ್ತಿದ್ದರೆ, 10 ಮಿ.ಮೀ. ಆಳದ ಪಟ್ಟಿಗೆ ಅಲಗಿನ ಮೇಲೆ ಸುಮಾರು 10.5 ಮಿ.ಮೀ. ಆಳದ ರೂಪ ಬೇಕಾಗುತ್ತದೆ. ಹತ್ತರಿಯ ಅಲಗಿನ ಅಳತೆಯನ್ನು ಹಾಗೆಯೇ ಯಂತ್ರದ ಅಲಗಿಗೆ ಇಳಿಸಿದರೆ ಪಟ್ಟಿ ಬೇಡದಷ್ಟು ಆಳವಾಗಲು ಇದೇ ಕಾರಣ. ಹಳೆಯ ಬಾಗಿಲುವಾಡದ ದುರಸ್ತಿಯಲ್ಲಿ ಹೊಸ ಪಟ್ಟಿಯು ಹಳೆಯದರ ಪಕ್ಕದಲ್ಲಿ ಹೊಂದದೆ ಕಾಣುವ ಸಂದರ್ಭಗಳನ್ನು ಪರಿಶೀಲಿಸುವವರು ಈ ಅಂಶವನ್ನು ಗಮನಿಸಬೇಕು.

ಪ್ಲೇನರ್ ಅಣಿಗೊಳಿಸುವ ಹಂತಗಳು

ಮೊದಲ ಹಂತ ಮರದ ಸಿದ್ಧತೆ. ಒಣಗದ ಮರದಲ್ಲಿ ತೆಗೆದ ಪಟ್ಟಿ ಒಣಗುತ್ತ ಡೊಂಕಾಗುತ್ತದೆ. ಚೆನ್ನಾಗಿ ಒಣಗಿದ ಹಲಗೆಯ ತಳವನ್ನೂ ಪಕ್ಕಗಳನ್ನೂ ಮೂಲೆಮಟ್ಟಕ್ಕೆ ಹೆರೆದು, ಎಲ್ಲ ತುಂಡುಗಳನ್ನು ಒಂದೇ ಅಗಲ, ಒಂದೇ ದಪ್ಪಕ್ಕೆ ತರಬೇಕು. ಯಂತ್ರದ ಹಾಸಿನ ಮೇಲೆ ಕೂರುವುದು ಈ ತಳವೇ. ತಳದಲ್ಲಿರುವ ಸೊಟ್ಟು ಪಟ್ಟಿಯ ರೂಪದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಗಂಟು, ಸೀಳು, ಮೊಳೆಗಳಿರುವ ತುಂಡನ್ನು ಬೇರ್ಪಡಿಸಬೇಕು. ಅಳತೆ ನೋಡಲೆಂದು ಅದೇ ಜಾತಿಯ ಒಂದೆರಡು ಹೆಚ್ಚುವರಿ ತುಂಡುಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು ರೂಢಿ.

ಎರಡನೆಯದು ಅಲಗು ಕೂರಿಸುವುದು. ವಿದ್ಯುತ್ ಸಂಪರ್ಕವನ್ನು ಪೂರ್ತಿಯಾಗಿ ಕಡಿದ ಬಳಿಕವೇ ಕಟರ್ ಮುಟ್ಟಬೇಕು. ಅಲಗು ಕೂರುವ ಗಾಡಿಯಲ್ಲಿ ಹೊಟ್ಟು, ಮರದ ಅಂಟು ಉಳಿದಿದ್ದರೆ ಅಲಗು ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಅಲಗಿನ ಎದುರು ಬದಿಯಲ್ಲಿ ಅದೇ ತೂಕದ ಮತ್ತೊಂದು ಅಲಗನ್ನೋ ಸಮತೂಕದ ತುಂಡನ್ನೋ ಬಿಗಿಯಬೇಕು. ತೂಕ ತಪ್ಪಿದರೆ ಯಂತ್ರ ನಡುಗಿ ಪಟ್ಟಿಯ ಮೈಯಲ್ಲಿ ಅಲೆಗಳು ಮೂಡುತ್ತವೆ. ತಿರುಪುಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯದೆ, ನಡುವಿನಿಂದ ಎರಡೂ ಕಡೆಗೆ ಸ್ವಲ್ಪಸ್ವಲ್ಪವೇ ಬಿಗಿಯುತ್ತ ಹೋಗಬೇಕು. ಅನಂತರ ಕಟರ್ ಅನ್ನು ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿ, ಅಲಗು ಎಲ್ಲಿಯೂ ತಾಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಮೂರನೆಯದು ಮರಕ್ಕೆ ದಾರಿ ಮಾಡುವುದು. ಸಪಾಟು ಹೆರೆಯುವಾಗ ಹಲಗೆ ಪಕ್ಕಕ್ಕೆ ತುಸು ಸರಿದರೂ ಹಾನಿಯಿಲ್ಲ. ಅಲಂಕಾರಪಟ್ಟಿಯಲ್ಲಿ ಕೂದಲೆಳೆಯಷ್ಟು ಸರಿದರೂ ರೂಪ ಕೆಡುತ್ತದೆ. ಆದ್ದರಿಂದ ಹಾಸಿನ ಮೇಲೆ ನುಣುಪಾದ ಹಲಗೆಯೊಂದನ್ನು ಕೂರಿಸಿ, ಅದರ ಮೇಲೆ ಪಟ್ಟಿಯ ಎರಡೂ ಬದಿಗೆ ನೇರವಾದ ಆಧಾರಪಟ್ಟಿಗಳನ್ನು ಬಿಗಿಯುತ್ತಾರೆ. ಇವುಗಳ ನಡುವೆ ಮರ ಅದುರದೆ, ಸಿಕ್ಕಿಕೊಳ್ಳದೆ ಜಾರಬೇಕು. ಹತ್ತರಿಯ ತಳಕ್ಕಿರುವ ಅಂಚುಗಟ್ಟು ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಆಧಾರಪಟ್ಟಿ ಮಾಡುತ್ತದೆ.

ನಾಲ್ಕನೆಯದು ಆಳ ಮತ್ತು ವೇಗದ ಹೊಂದಿಕೆ. ಮೊದಲ ಬಾರಿಗೆ ಅಲಗು ಮರವನ್ನು ಕೇವಲ ಸವರಿಹೋಗುವಂತೆ ಹಾಸನ್ನು ಇರಿಸಿ, ಆ ಬಳಿಕ ಬಾರಿಬಾರಿಗೆ ಒಂದೊಂದು ಮಿ.ಮೀ.ನಂತೆ ಏರಿಸಿ ಪೂರ್ತಿ ರೂಪಕ್ಕೆ ತರುವುದು ಸುರಕ್ಷಿತ. ಕೊನೆಯ ಸುತ್ತು ಇನ್ನೂ ತೆಳುವಾಗಿರಬೇಕು. ನಿಮಿಷಕ್ಕೆ 5,000 ಸುತ್ತಿನ ಕಟರ್‌ನಲ್ಲಿ ಒಂದೇ ಅಲಗು ಕೊಯ್ಯುತ್ತಿದ್ದು, ಮರ ನಿಮಿಷಕ್ಕೆ 5 ಮೀಟರ್ ಸಾಗಿದರೆ ಪ್ರತಿ 1 ಮಿ.ಮೀ.ಗೆ ಒಂದು ಅಲಗಿನ ಗುರುತು ಬೀಳುತ್ತದೆ. ವೇಗವನ್ನು ಅರ್ಧಕ್ಕೆ ಇಳಿಸಿದರೆ ಗುರುತುಗಳ ನಡುವಿನ ಅಂತರವೂ ಅರ್ಧ ಮಿ.ಮೀ. ಆಗಿ ಮೈ ನುಣುಪಾಗುತ್ತದೆ. ಆದರೆ ಮೊಂಡಾದ ಅಲಗಿನೊಂದಿಗೆ ತೀರ ನಿಧಾನವಾಗಿ ನಡೆಸಿದರೆ ಮರ ಉಜ್ಜಿ ಕಾಯ್ದು ಕಪ್ಪಾಗುತ್ತದೆ. ಎಳೆಯ ದಿಕ್ಕನ್ನು ನೋಡಿಯೇ ಮರವನ್ನು ಒಳಬಿಡಬೇಕೆಂಬ ಹತ್ತರಿಯ ನಿಯಮ ಇಲ್ಲಿಯೂ ಅನ್ವಯಿಸುತ್ತದೆ. ಮರವನ್ನು ಎಳೆದೊಯ್ಯುವ ಎರಡು ಉರುಳೆಗಳ ನಡುವಿನ ಅಂತರಕ್ಕಿಂತ ಗಿಡ್ಡನೆಯ ತುಂಡನ್ನು ಎಂದಿಗೂ ಬಿಡಬಾರದು. ಅದು ಹಿಡಿತ ತಪ್ಪಿ ಹಿಂದಕ್ಕೆ ಸಿಡಿಯಬಲ್ಲುದು. ನಡೆಸುವವನು ಮರದ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕೆಂಬ, ಸಡಿಲ ಬಟ್ಟೆ ತೊಡಬಾರದೆಂಬ ಕಟ್ಟಳೆಗಳು ಇದರಿಂದಲೇ ಬಂದಿವೆ.

ಉಳಿದುದು ಮತ್ತು ಕಳೆದುದು

ಮೇಲಿನ ವಿವರಗಳನ್ನು ಹೋಲಿಸಿದರೆ ಯಂತ್ರವು ಬಡಗಿಯ ಜ್ಞಾನವನ್ನು ಸಂಪೂರ್ಣವಾಗಿ ತಳ್ಳಿಹಾಕಿದೆ ಎಂಬ ಸರಳ ತೀರ್ಮಾನ ನಿಲ್ಲುವುದಿಲ್ಲ. ಎಳೆಯ ದಿಕ್ಕಿನ ಅರಿವು, ಅಲಗಿನ ಓರೆಗೆ ತಕ್ಕ ರೂಪದ ತಿದ್ದುಪಡಿ, ಬಾರಿಬಾರಿಗೆ ತೆಳುವಾಗಿ ಇಳಿಯುವ ಕ್ರಮ, ಸದ್ದಿನಿಂದ ಕಚ್ಚನ್ನು ಅಳೆಯುವ ಅಭ್ಯಾಸ ಇವು ಹತ್ತರಿಯಿಂದ ಯಂತ್ರಕ್ಕೆ ದಾಟಿಬಂದಿವೆ. ಹತ್ತರಿ ಹಿಡಿದು ಬಲ್ಲವನಿಗೆ ಪ್ಲೇನರ್ ಕಲಿಯುವುದು ಸುಲಭವೆನಿಸಲು ಇದು ಕಾರಣ. ತೋಳಿನ ಶ್ರಮ, ಹಗ್ಗ ಎಳೆಯುವ ಎರಡನೆಯವನ ದುಡಿಮೆ ಉಳಿದಿದೆ ಎಂಬುದನ್ನೂ ಮರೆಯಬಾರದು.

ಕಳೆದುದು ಬೇರೊಂದು ಕಡೆ. ಹತ್ತರಿಯ ಅಲಗಿಗೆ ರೂಪ ಕೊಡುತ್ತಿದ್ದವನು ಅದನ್ನು ಬಳಸುವ ಬಡಗಿಯೇ. ಆದ್ದರಿಂದ ಪ್ರತಿ ಮನೆತನದ ಪಟ್ಟಿಗೆ ತನ್ನದೇ ಆದ ಬಳುಕು ಸಾಧ್ಯವಿತ್ತು. ಯಂತ್ರದ ಅಲಗು ಬಹುಪಾಲು ಸಿದ್ಧರೂಪದಲ್ಲಿ ಪೇಟೆಯಿಂದ ಬರುತ್ತದೆ. ಅಲಗನ್ನು ತಾನೇ ಅರೆದುಕೊಳ್ಳದ ಕಡೆ ಪಟ್ಟಿಯ ಆಯ್ಕೆಯು ಅಂಗಡಿಯಲ್ಲಿ ದೊರೆಯುವ ಕೆಲವೇ ಮಾದರಿಗಳಿಗೆ ಸೀಮಿತಗೊಳ್ಳುತ್ತದೆ. ಸ್ಥಳೀಯ ವೈವಿಧ್ಯಕ್ಕೆ ಒದಗಿದ ಕುತ್ತು ಇರುವುದು ಇಲ್ಲಿ. ಅಲಗು ರೂಪಿಸುವ ಅಧಿಕಾರ ಕೈತಪ್ಪಿದುದೇ ಇದಕ್ಕೆ ಕಾರಣವಾಗಿದ್ದು, ವಿದ್ಯುತ್ತಿನ ಬಳಕೆಯನ್ನು ದೂರಿ ಪ್ರಯೋಜನವಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯು ಬಡಗಿತನವನ್ನೂ ಒಳಗೊಂಡ 18 ಕಸುಬುಗಳವರಿಗೆ ತರಬೇತಿಯನ್ನೂ 15,000 ರೂಪಾಯಿಗಳವರೆಗಿನ ಉಪಕರಣ ನೆರವನ್ನೂ ಒದಗಿಸುತ್ತದೆ. ಇಂಥ ತರಬೇತಿಗಳಲ್ಲಿ ಅಲಗು ಬಿಗಿಯುವುದರ ಜೊತೆಗೆ ಅಲಗಿಗೆ ರೂಪ ಕೊಡುವುದನ್ನೂ ಕಲಿಸಿದರೆ ಹಳೆಯ ಪಟ್ಟಿಗಳು ಹೊಸ ಯಂತ್ರದಲ್ಲಿಯೇ ಮುಂದುವರಿಯಬಲ್ಲವು.

ದಾಖಲಾತಿಯ ಅಗತ್ಯ

1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯವು ಹೆಗ್ಗಡದೇವನಕೋಟೆ ಸೀಮೆಯ ಹಲವು ಊರುಗಳನ್ನು ಮುಳುಗಿಸಿತು. ಉಳಿದ ಊರುಗಳಲ್ಲಿಯೂ ತೊಟ್ಟಿಮನೆಗಳು ಕಾಂಕ್ರೀಟಿನ ಮನೆಗಳಿಗೆ ಎಡೆಮಾಡಿಕೊಡುತ್ತಿವೆ. ಮನೆ ಕೆಡವಿದಾಗ ಬಾಗಿಲುವಾಡ ಹಳೆಯ ಮರದ ವ್ಯಾಪಾರಿಗೆ ಹೋಗುತ್ತದೆ. ಬಳಕೆ ತಪ್ಪಿದ ಹತ್ತರಿಯ ಮರದ ಮೈ ಒಲೆಗೂ ಅಲಗು ಗುಜರಿಗೂ ಸೇರಿದರೆ, ಆ ಪಟ್ಟಿಯನ್ನು ಮತ್ತೆ ಎಳೆಯುವ ದಾರಿಯೇ ಮುಚ್ಚಿಹೋಗುತ್ತದೆ.

ಮೈಸೂರು ವಿಶ್ವವಿದ್ಯಾನಿಲಯದ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯ, 1994ರಲ್ಲಿ ಎಚ್.ಎಲ್. ನಾಗೇಗೌಡರು ರೂಪಿಸಿದ ರಾಮನಗರದ ಜಾನಪದ ಲೋಕಗಳು ಜನಪದ ವಸ್ತುಗಳ ಸಂಗ್ರಹಕ್ಕೆ ನಾಡಿನಲ್ಲಿ ಮಾದರಿ ಹಾಕಿಕೊಟ್ಟಿವೆ. ಮುಂದಿನ ಸಂಗ್ರಹಕಾರ್ಯದಲ್ಲಿ ಹತ್ತರಿಯೊಂದನ್ನು ಕೇವಲ ‘ಹತ್ತರಿ, ಮರ ಮತ್ತು ಕಬ್ಬಿಣ’ ಎಂದು ನಮೂದಿಸಿದರೆ ಸಾಲದು. ತಳದ ಅಡ್ಡರೂಪ, ಅಲಗಿನ ಅಂಚಿನ ರೂಪ, ಅಲಗು ಕೂರುವ ಕೋನ, ಬಾಯಿಯ ಅಗಲ, ಸವೆತದ ಗುರುತು, ಬಳಸುತ್ತಿದ್ದ ಮರದ ಜಾತಿ, ಬಡಗಿಯ ಬಾಯಲ್ಲಿ ಆ ಅಚ್ಚಿಗಿರುವ ಹೆಸರು, ಆ ಪಟ್ಟಿ ಉಳಿದಿರುವ ಬಾಗಿಲುವಾಡದ ಛಾಯಾಚಿತ್ರ ಇಷ್ಟೂ ಜೊತೆಗಿರಬೇಕು. ಅಂಚಿನ ಮೇಲೆ ತೆಳುಕಾಗದ ಒತ್ತಿ ಸೀಸದ ಕಡ್ಡಿಯಿಂದ ಉಜ್ಜಿ ತೆಗೆದ ಪಡಿಯಚ್ಚೂ ಮೂಲರೂಪದ ದಾಖಲೆಯಾಗಬಲ್ಲುದು. ಕೋನವನ್ನು ಬರೆದಿಟ್ಟಿದ್ದರೆ ಆ ಪಡಿಯಚ್ಚಿನಿಂದ ಮರದ ಮೇಲಿನ ನಿಜವಾದ ಅಳತೆಯನ್ನು ಲೆಕ್ಕಹಾಕಬಹುದು. ಕೋನವಿಲ್ಲದ ಪಡಿಯಚ್ಚು ಅಳತೆಗೋಲಿಲ್ಲದ ನಕ್ಷೆಯಂತೆ ಅರ್ಧ ಮಾತ್ರ ಉಪಯುಕ್ತ.

ಯುನೆಸ್ಕೋದ 2003ರ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಒಡಂಬಡಿಕೆಯು ಸಾಂಪ್ರದಾಯಿಕ ಕರಕೌಶಲವನ್ನೂ ಅದಕ್ಕೆ ಸಂಬಂಧಿಸಿದ ಉಪಕರಣಗಳನ್ನೂ ಪರಂಪರೆಯ ಅಂಗವೆಂದು ಪರಿಗಣಿಸಿದೆ. ಭಾರತವು 2005ರಲ್ಲಿ ಇದನ್ನು ಅನುಮೋದಿಸಿತು. ಬಡಗಿ ವೃತ್ತಿಯ ಮಟ್ಟಿಗೆ ಈ ಮಾತಿನ ಅರ್ಥ ಸ್ಪಷ್ಟವಿದೆ. ಎನ್. ಬೇಗೂರಿನಂಥ ಕಾಡಂಚಿನ ಊರುಗಳಲ್ಲಿ ಹತ್ತರಿಯನ್ನೂ ಪ್ಲೇನರ್ ಅನ್ನೂ ಎರಡನ್ನೂ ಬಲ್ಲ ತಲೆಮಾರು ಇರುವಾಗಲೇ ಅಲಗು ಕೂರಿಸುವ ಕ್ರಮವನ್ನು ಅವರಿಂದ ಕೇಳಿ, ನೋಡಿ, ಅಳೆದು ಬರೆದಿಡಬೇಕಾಗಿದೆ. ಹಾಗೆ ಬರೆದಿಟ್ಟ ಒಂದು ಅಲಗಿನ ರೂಪದಿಂದ, ಕೆಡವಿಹೋದ ಮನೆಯ ಬಾಗಿಲುವಾಡದ ಪಟ್ಟಿಯನ್ನು ಮುಂದೊಬ್ಬ ಬಡಗಿ ತನ್ನ ಯಂತ್ರದಲ್ಲಿ ಪುನಃ ತೆಗೆಯಬಲ್ಲನು.